ಮೀನಿನ ಅಮಸಿದ್ದನ ನೂರಕ್ಕೆ ನೂರು

ಬಸವನ ಬಾಗೇವಾಡಿಯಲ್ಲಿ ಅಮಸಿದ್ದ ಎಂಬ ಹೆಸರಿನವರು ನಾಲ್ಕಾರು ಮಂದಿ ಸಿಕ್ಕಾರು. ಆದರೆ ಮೀನಿನ ಅಮಸಿದ್ದ ಎಂದರೆ ಒಬ್ಬನೇ. ಅವನ ಅಪ್ಪ ಸೋಮನಿಂಗ ಕುರಿ ಕಾಯ್ದವನು, ಅಜ್ಜನೂ ಕುರಿ ಕಾಯ್ದವನು. ಆ ಮನೆತನದಲ್ಲಿ ನೀರಿನೊಳಗಿನ ಜೀವ ಸಾಕಿ ಮಾರಿದವನು ಇವನೊಬ್ಬನೇ. "ಕುರಿಗೆ ಏನರೆ ಆದ್ರ ಒದರಿ ಹೇಳತೈತಿ. ಈ ನಿನ್ನ ಮೀನ ಸತ್ರೂ ಬಾಯಿ ಬಿಡಂಗಿಲ್ಲ, ಅದರ ನ್ಯಾಯ ಯಾರು ಹೇಳವ್ರು?" ಎಂದು ಸೋಮನಿಂಗ ಮಗನನ್ನು ಹಂಗಿಸುತ್ತಿದ್ದ. ಆಗ ಅಮಸಿದ್ದ ನಕ್ಕುಬಿಡುತ್ತಿದ್ದ.

ವಿಜಾಪುರದ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಅವನು ಮೂರು ವರ್ಷ ಗಾಜು ತಿಕ್ಕಿದ್ದ. ನೀರು ಬದಲಿಸುವುದು, ಮೀನಿನ ಜಡ್ಡು ಗುರುತಿಸುವುದು, ಪಾಲಿಥಿನ್ ಚೀಲಕ್ಕೆ ಆಕ್ಸಿಜನ್ ತುಂಬಿ ಗಂಟು ಹಾಕುವುದು, ಎಲ್ಲ ಅಲ್ಲಿಯೇ ಕಲಿತದ್ದು. ಊರಿಗೆ ಬಂದು ಮನೆಯ ಹಿತ್ತಲಿನಲ್ಲಿ ಆರು ಸಿಮೆಂಟಿನ ತೊಟ್ಟಿ ಕಟ್ಟಿಸಿದ. ಮೊದಮೊದಲು ದವಾಖಾನೆಗಳಿಗೆ, ಖಾನಾವಳಿಗಳಿಗೆ ಮಾರಿದ. ಎರಡು ಸಾವಿರದ ಆರರಲ್ಲಿ ಬಸ್‌ಸ್ಟ್ಯಾಂಡಿನ ಎದುರು ಸೈಬರ್ ಕೆಫೆ ಬಂತು ನೋಡಿ, ಇವನ ನಸೀಬೂ ತೆರೆಯಿತು. ಮೀನು ಸಾಕುವವರೇ ಕೂಡಿಕೊಂಡು ಕೊಡುಕೊಳ್ಳುವ ಒಂದು ಜಾಲತಾಣವಿತ್ತು. ಅದರಲ್ಲಿ ತನ್ನ ಮೀನುಗಳ ಫೋಟೋ ಹಾಕಿದ. ಇಂಡಿಯಿಂದ, ಸಿಂದಗಿಯಿಂದ, ಮುದ್ದೇಬಿಹಾಳದಿಂದ ಬೇಡಿಕೆ ಬರತೊಡಗಿತು. ಬೇಕೆಂದವರ ಹೆಸರು ಬರೆದ ಥರ್ಮಾಕೋಲಿನ ಡಬ್ಬಿಯನ್ನು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಆಯಿತು. ಅವರೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಳಿಸಿಕೊಳ್ಳುತ್ತಿದ್ದರು.

ಆ ಜಾಲತಾಣದಲ್ಲಿ ಮಾರುವವನ ಹೆಸರಿನ ಪಕ್ಕದಲ್ಲಿ ಒಂದು ಅಂಕಿ ಕಾಣುತ್ತಿತ್ತು. ನೂರು ಗಿರಾಕಿಗಳಲ್ಲಿ ಎಷ್ಟು ಮಂದಿಗೆ ಸಮಾಧಾನ ಎನ್ನುವ ಲೆಕ್ಕ ಅದು. ಅಮಸಿದ್ದನ ಪಕ್ಕದಲ್ಲಿ ನೂರಕ್ಕೆ ನೂರು ಇತ್ತು. ಪಿಯುಸಿಯಲ್ಲಿ ಇಂಗ್ಲಿಷಿಗೆ ಹದಿನೆಂಟು ತೆಗೆದುಕೊಂಡು ಮನೆಗೆ ಬಂದವನಿಗೆ ಈ ನೂರರ ಮೇಲೆ ಎಂಥ ಮೋಹ ಇದ್ದೀತು, ನೀವೇ ಹೇಳಿ. ಪರಿಚಯದವರು ಯಾರೇ ಕೆಫೆಗೆ ಬಂದರೂ ಕೈಹಿಡಿದು ಕೂರಿಸಿ ತೋರಿಸುತ್ತಿದ್ದ. ಅವನ ಹೆಂಡತಿ ಭಾಗ್ಯಾ, "ದೇವರ ಮುಂದ ದೀಪಾ ಹಚ್ಚೂದು ಮರತ್ರೂ ಮರೀತೀರಿ, ಅದನ್ನ ನೋಡಿ ಬರೂದು ಮರ್ಯಂಗಿಲ್ಲ" ಎಂದು ಕಿಚಾಯಿಸುತ್ತಿದ್ದಳು.

ಜೀವ ಇರುವ ಮಾಲು ಮಾರುವವನಿಗೆ ತಕರಾರು ತಪ್ಪಿದ್ದಲ್ಲ. ಇಂಡಿಯ ಯುವರಾಜ ಎನ್ನುವವನು, "ಫೋಟೋದಾಗ ಕೆಂಪಗ ಇತ್ತು, ಬಂದಿದ್ದು ಬಿಳಚಿ ಐತಿ, ಬ್ಯಾರೆ ಮೀನ ಕಳಿಸೀರಿ" ಎಂದು ಫೋನಿನಲ್ಲಿ ಹರಿಹಾಯ್ದ. ಅಮಸಿದ್ದ ಸಿಟ್ಟಾಗಲಿಲ್ಲ. "ಗಾಜಿನ ಮ್ಯಾಲೆ ಒಂದ ಟಾವೆಲ್ ಹೊಚ್ಚಿ ಬಿಡ್ರಿ, ನಾಳಿ ಹೊತ್ತಿಗೆ ನೋಡ್ರಿ" ಎಂದ. ದಾರಿಯ ಗಾಬರಿ ಇಳಿದ ಮೇಲೆ ಮೀನಿಗೆ ಬಣ್ಣ ಮರಳಿ ಬಂತು. ಯುವರಾಜ ಅಂದಿನಿಂದ ಕಾಯಂ ಗಿರಾಕಿ. ಆದರೆ ಸಿಂದಗಿಯವನೊಬ್ಬ ಇದ್ದ, ಅವನ ಹೆಸರು ಬೇಡ ಬಿಡಿ. ನಾಲ್ಕು ಗಪ್ಪಿ ಮೀನು ಒಯ್ದು, ನಾಲ್ಕೂ ಸತ್ತವು ಎಂದು ಫೋಟೋ ಕಳಿಸಿದ. ನೋಡಿದರೆ ಊಟದ ತಾಟಿನಲ್ಲಿ ಯಾವುದೋ ಹಳ್ಳದ ಮೀನು ಮಲಗಿದ್ದವು! ಅವತ್ತಿನಿಂದ ಅಮಸಿದ್ದ ಒಂದು ನಿಯಮ ಮಾಡಿದ. ಮೀನು ಸತ್ತು ಬಂದರೆ ಚೀಲದ ಗಂಟು ಬಿಚ್ಚಬಾರದು. ಚೀಲದಲ್ಲಿ ಇರುವಂತೆಯೇ ಫೋಟೋ ತೆಗೆಯಬೇಕು. ಎರಡು ತಾಸಿನೊಳಗೆ ಕಳಿಸಬೇಕು. ಕಳಿಸಿದರೆ ಬೇರೆ ಮೀನು, ಇಲ್ಲವಾದರೆ ಮಾತಿಲ್ಲ. ನಿಯಮವೇನೋ ನ್ಯಾಯದ್ದೇ ಆಗಿತ್ತು.

ಎರಡು ಸಾವಿರದ ಎಂಟರ ಸಂಕ್ರಮಣ ಮುಗಿದು ವಾರವಾಗಿತ್ತು. ಆ ವರ್ಷ ಚಳಿ ಜೋರು. ಮುದ್ದೇಬಿಹಾಳದಿಂದ ಒಂದು ಜೋಡಿ ಗೋಲ್ಡ್ ಫಿಶ್ ಬೇಕೆಂದು ಬಂದಿತ್ತು. ಕೇಳಿದವನು ಅಲ್ಲಿ ಸೈಬರ್ ಕೆಫೆ ನಡೆಸುವ ಅಮೀನುದ್ದೀನ. ಆ ದಿನ ಬೆಳಿಗ್ಗೆ ತೊಟ್ಟಿಗೆ ಕಾಳು ಹಾಕಲು ಹೋದ ಭಾಗ್ಯಾ ಗಂಡನನ್ನು ಕೂಗಿ ಕರೆದಳು.

"ಇಲ್ಲಿ ನೋಡ್ರಿ. ಈ ದೊಡ್ಡ ಮೀನಿನ ಬಾಲದಾಗ ಉಪ್ಪು ಉದುರಿಸಿದಂಗ ಕಾಣತೈತಿ."

ಅಮಸಿದ್ದ ಬಗ್ಗಿ ನೋಡಿದ. ಬಿಳಿ ಚುಕ್ಕೆ. ಚಳಿಗೆ ಬರುವ ಜಡ್ಡು. ಬಾಲದಲ್ಲಿ ಎಂಟು ಹತ್ತು ಚುಕ್ಕೆ ಕಂಡರೆ ಕಿವಿರಿನೊಳಗೆ ಎಷ್ಟು ಇವೆಯೋ ಹೇಳಲಾಗದು. ಅವನಿಗೆ ಎಲ್ಲವೂ ಗೊತ್ತಿತ್ತು, ವಿಜಾಪುರದಲ್ಲಿ ಮೂರು ವರ್ಷ ಅದನ್ನೇ ಕಲಿತವನು.

"ಇವತ್ತ ಬ್ಯಾಡ್ರಿ. ಎಂಟ ದಿನಾ ಬಿಟ್ಟು ಕಳಸ್ತೇನಿ ಅಂತ ಬರೀರಿ" ಎಂದಳು ಭಾಗ್ಯಾ.

"ಎಂಟ ದಿನಾ ತಡಾ ಮಾಡಿದ್ರ ಅವ ಬ್ಯಾರೆ ಕಡೆ ತಗೋತಾನ, ಮ್ಯಾಲೆ ಕೆಟ್ಟದ್ದ ಬರೀತಾನ. ಹತ್ತ ಚುಕ್ಕಿಗೆ ಏನಾಕ್ಕೈತಿ? ಹೋಗಿ ಮುಟ್ಟತೈತಿ" ಎಂದು ಚೀಲ ಕಟ್ಟಿದ. ವಿಜಾಪುರದಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಬಂತು. ಮುದ್ದೇಬಿಹಾಳದವನೇ ಆದ ಕಂಡಕ್ಟರ್ ಮೋದಿನಸಾಬ ಎಂದಿನಂತೆ ಡಬ್ಬಿಯನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡ.

ಮೂರನೆಯ ದಿನ ಕೆಫೆಗೆ ಹೋದಾಗ ಅವನ ಪುಟದ ಮೇಲೆ ಎಲ್ಲರಿಗೂ ಕಾಣುವಂತೆ ಅಮೀನುದ್ದೀನನ ಬರಹವಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. 'ಮೀನು ನನಗಲ್ಲರಿ, ನಮ್ಮ ಮಾಸ್ತರಿಗೆ ತರಿಸಿದ್ದು. ಚೀಲದಾಗ ಜೀವ ಒದ್ದಾಡೋದು ನೋಡಲಾರದ ಮಾಸ್ತರು ಗಂಟು ಬಿಚ್ಚಿ ನೀರಿಗೆ ಬಿಟ್ರು. ಮರುದಿನ ಮುಂಜಾನೆ ದೊಡ್ಡದು ತೀರಿಕೊಂಡಿತು. ಆಗಿಂದಾಗ ಮಣ್ಣು ಮಾಡಿದ್ರು, ಫೋಟೋ ತಗದಿಲ್ಲ. ಅವರಿಗೆ ರೊಕ್ಕ ಬ್ಯಾಡ, ಬ್ಯಾರೆ ಮೀನೂ ಬ್ಯಾಡ. ಒಂದ ಮಾತು ಕೇಳಾಕತ್ತಾರ. ಮೀನಿಗೆ ಮೊದಲ ಜಡ್ಡು ಇತ್ತೋ, ಇಲ್ಲಾ ನಮ್ಮ ಬಾವಿ ನೀರಿನ ದೋಷವೋ? ಖರೇ ಹೇಳ್ರಿ.'

ನೋಡಿ, ಕೇಳಿದ್ದು ಇಷ್ಟೇ. ಖರೇ ಹೇಳಿರಿ ಎಂದು. ಅಮಸಿದ್ದ ಕುರ್ಚಿಯ ಮೇಲೆ ಹಿಂದೆ ಮುಂದೆ ಸರಿದಾಡಿದ. ಜಡ್ಡು ಇತ್ತು ಎಂದು ಬರೆದರೆ ಅದೇ ತೊಟ್ಟಿಯ ಮೀನಿಗೆ ಕಾಯುತ್ತಿದ್ದ ಇಂಡಿಯವರು, ಸಿಂದಗಿಯವರು ಎಲ್ಲ ಓದುತ್ತಾರೆ. ನೂರು ಹೋಗುತ್ತದೆ. ಹೆಸರಿನ ಪಕ್ಕದಲ್ಲಿ ತೊಂಬತ್ತಾರೋ ತೊಂಬತ್ತೇಳೋ ಬಂದು ಕುಳಿತುಕೊಳ್ಳುತ್ತದೆ. ಅವನು ತನ್ನ ನಿಯಮವನ್ನು ನೆನೆದುಕೊಂಡ. ಗಂಟು ಬಿಚ್ಚಿದ್ದಾರೆ. ಫೋಟೋ ಇಲ್ಲ. ಎರಡು ತಾಸು ಎಂದೋ ಕಳೆದಿದೆ. ಸಿಂದಗಿಯ ಕಳ್ಳನಿಗಾಗಿ ಮಾಡಿದ ನಿಯಮದ ಹಿಂದೆ ಈಗ ತಾನೇ ಅಡಗಿಕೊಂಡು, ಕೀಲಿಮಣೆಯ ಮೇಲೆ ಬೆರಳು ಆಡಿಸಿದ.

'ಫೋಟೋ ಇಲ್ಲಂದ್ರ ಮೀನು ಸತ್ತಿಲ್ಲ, ನಿಮ್ಮ ಮಾಸ್ತರ ಬಾಣಲಿಗಿ ಹೋಗೇತಿ! ಖರೇನ ಸತ್ತಿದ್ರ ಅದು ನಿಮ್ಮ ಬಾವಿ ನೀರಿನ ಪ್ರತಾಪ. ನನ್ನ ಮೀನಿಗೆ ಯಾವ ಜಡ್ಡೂ ಇರಲಿಲ್ಲ. ಆ ನೀರು ನೀವೂ ಕುಡೀಬ್ಯಾಡ್ರಿ.'

ಬರೆದು ಮುಗಿಸಿದಾಗ ಅವನಿಗೆ ತನ್ನ ಜಾಣತನಕ್ಕೆ ತಾನೇ ನಗು ಬಂತು. ಸುಳ್ಳು ಹೇಳುವುದು ಬೇರೆ, ಅದರ ಮೇಲೆ ಚ್ಯಾಷ್ಟಿ ಮಾಡುವುದು ಬೇರೆ. ಅವನು ಎರಡನ್ನೂ ಮಾಡಿದ. ಸಂಜೆಯೊಳಗೆ ಐದಾರು ಮಂದಿ ಅದರ ಕೆಳಗೆ ನಗುವ ಮುಖ ಒತ್ತಿದರು. ಅಮೀನುದ್ದೀನ ಮತ್ತೆ ಬರೆಯಲಿಲ್ಲ, ದೂರನ್ನೂ ದಾಖಲಿಸಲಿಲ್ಲ. ನೂರು ಹಾಗೆಯೇ ಉಳಿಯಿತು. ಇಂಡಿಗೂ ಸಿಂದಗಿಗೂ ಮಾತ್ರ ಆ ತೊಟ್ಟಿಯ ಮೀನು ಕಳಿಸದೆ, ಬೇರೆ ತೊಟ್ಟಿಯದನ್ನು ಕಳಿಸಿದ. ಅಷ್ಟು ಎಚ್ಚರ ಇತ್ತು!

ಏಪ್ರಿಲ್ ಬಂತು. ಬಿಸಿಲಿಗೆ ಬಾಗೇವಾಡಿಯ ಡಾಂಬರು ಮೆತ್ತಗಾಗುತ್ತಿತ್ತು. ಒಂದು ಮಧ್ಯಾಹ್ನ ಡಬ್ಬಿ ಕೊಡಲು ಹೋದಾಗ ಮೋದಿನಸಾಬ ಬಸ್ಸಿನಿಂದ ಇಳಿದು ಬಂದು ಅಮಸಿದ್ದನ ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡ.

"ನಿಮಗ ಶುಕ್ರಿಯಾ ಹೇಳಬೇಕು ಅಂತ ಭಾಳ ದಿನದಿಂದ ಅನ್ಕೊಳ್ಳಾಕತ್ತಿದ್ದೆ ನೋಡ್ರಿ. ನಮ್ಮ ಓಣಿ ಮಂದಿ ಜೀವ ಉಳಿಸಿದ್ರಿ."

"ನಾ ಏನ ಮಾಡಿದ್ನಿ?"

"ಅದ, ಚನ್ನಬಸಯ್ಯ ಮಾಸ್ತರ ಹಿತ್ತಲ ಬಾವಿ. ಆ ನೀರು ಖರಾಬ್ ಐತಿ, ಕುಡೀಬ್ಯಾಡ್ರಿ ಅಂತ ನೀವ ಬರದಿದ್ರಂತಲ್ಲ? ಮಾಸ್ತರು ಅವತ್ತ ಬಾವಿ ಮ್ಯಾಲೆ ಜಾಲಿ ಮುಳ್ಳಿನ ಕಂಟಿ ಹಾಕಿ ಮುಚ್ಚಿಬಿಟ್ರು. ಎಂಟ ಮನಿ ಮಂದಿ ಅದೇ ನೀರು ಕುಡೀತಿದ್ವಿ. ಈಗ ದೊಡ್ಡ ರಸ್ತಾದ ನಳಕ್ಕ ಹೋಗತೇವಿ. ದೂರ ಆತು ಖರೆ, ಹೆಂಗಸರಿಗೆ ತ್ರಾಸ ಐತಿ. ಆದ್ರ ಜೀವ ಮುಖ್ಯ ಅಲ್ಲೇನ್ರಿ?"

ಮೋದಿನಸಾಬ ಇನ್ನೂ ಕೈ ಬಿಟ್ಟಿರಲಿಲ್ಲ. ಅಮಸಿದ್ದ ಆ ಕೈಯನ್ನು ಕಿತ್ತುಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ, ಬಸ್ಸು ಹೊರಡುವವರೆಗೆ ಹಲ್ಲು ಕಿರಿದು ನಿಂತ.

ಮನೆಗೆ ಬಂದು ಭಾಗ್ಯಾಳ ಮುಂದೆ ಹೇಳಿದ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಿದಳು. ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ. "ಆ ಚುಕ್ಕಿ ನಾನೂ ನೋಡಿದ್ನೆಲ್ಲ" ಎಂದಳು. "ನಾನೂ ಸುಮ್ಮನ ಕುಂತೆ. ಹೋಗಿ ಹೇಳಿ ಬರ್ರಿ."

ಮರುದಿನವೇ ಮುದ್ದೇಬಿಹಾಳಕ್ಕೆ ಹೋದ. ಅಮೀನುದ್ದೀನನ ಕೆಫೆಯಲ್ಲಿ ದಾರಿ ಕೇಳಿದ. ಅಮೀನುದ್ದೀನ ಇವನ ಹೆಸರು ಕೇಳಿದ ಕೂಡಲೇ ಮುಖ ಗಂಟಿಕ್ಕಿದ. "ಮಾಸ್ತರ ಕಡೆ ನಾ ಸಾಲಿ ಕಲತವರಿ. ಅವರು ಅಯ್ಯನೋರು. ಹುಟ್ಟಿದಾಗಿನಿಂದ ತತ್ತಿ ಸೈತ ಮುಟ್ಟಿದವರಲ್ಲ. ನೀವ ಬಾಣಲಿ ಅಂತ ಬರದ್ರಿ. ನಾ ಅದನ್ನ ಬಿಟ್ಟು ಉಳದದ್ದು ಓದಿ ಹೇಳಿದ್ನಿ. ಬ್ಯಾರೆ ಹುಡುಗೂರು ನೋಡಿ ತಮ್ಮೊಳಗ ಹಬ್ಬಿಸಿದ್ರು, ಹಿರ್ಯಾರ ಕಿವಿಗೆ ಇನ್ನೂ ಬಿದ್ದಿಲ್ಲ" ಎಂದ. ಅಮಸಿದ್ದನಿಗೆ ಅಲ್ಲಿಂದಲೇ ತಿರುಗಿ ಬಸ್ಸು ಹತ್ತಿಬಿಡಬೇಕು ಎನಿಸಿತು. ಅಮಸಿದ್ದನ ಮನೆಗೆ ಅಯ್ಯನವರು, ಅಂದರೆ ಜಂಗಮರು, ಬಂದರೆ ಸೋಮನಿಂಗ ರುಮಾಲು ತೆಗೆದು ಕಾಲಿಗೆ ಬೀಳುತ್ತಿದ್ದ. ಅಂಥವರ ಬಾಯಿಗೆ ಮಗ ಮೀನು ತುರುಕಿದ್ದ.

ಚನ್ನಬಸಯ್ಯ ಮಾಸ್ತರು ಕಟ್ಟೆಯ ಮೇಲೆಯೇ ಕುಳಿತಿದ್ದರು. ಅರವತ್ತು ದಾಟಿದ, ತೆಳ್ಳನೆಯ ಜೀವ. ಹಣೆಯ ತುಂಬ ವಿಭೂತಿ. ಇವನು ಹೆಸರು ಹೇಳಿದ್ದೇ ತಡ, ಎದ್ದು ನಿಂತರು.

"ಬಾಗೇವಾಡಿ ಮೀನಿನವರು! ಬರ್ರಿ ಬರ್ರಿ. ಜಯಮಾಲಾ, ಚಾ ಇಡವಾ, ಯಾರು ಬಂದಾರ ನೋಡು" ಎಂದು ಸೊಸೆಯನ್ನು ಕೂಗಿದರು. ಸೊಸೆ ಹಣಿಕಿ ನೋಡಿದಳು. ಪಕ್ಕದ ಮನೆಗೂ ಸುದ್ದಿ ಹೋಯಿತು. ಕಸ್ತೂರೆವ್ವ ಎನ್ನುವ ಮುದುಕಿ ಮೊಣಕಾಲಿಗೆ ಕೈ ಊರಿಕೊಂಡು ಬಂದು, ಅಮಸಿದ್ದನ ಮುಖ ಸವರಿ ನೆಟಿಗೆ ಮುರಿದಳು. "ನಿನ್ನ ಹೊಟ್ಟಿ ತಣ್ಣಗಿರಲೋ ಯಪ್ಪಾ. ನನ್ನ ಮೊಮ್ಮಕ್ಕಳಿಗೆ ವಿಷ ಕುಡಸ್ತಿದ್ನೆಲ್ಲೊ ನಾನು" ಎಂದಳು. ಅಮಸಿದ್ದ ಖರೇ ಸಂಗತಿ ಹೇಳಬೇಕೆಂದೇ ಬಂದವನು, ಚಹದ ಬಟ್ಟಲು ಹಿಡಿದು ತಲೆ ತಗ್ಗಿಸಿ ಕುಳಿತ.

ಎಲ್ಲರೂ ಹೋದ ಮೇಲೆ ಮಾಸ್ತರು ಒಳಗೆ ಕರೆದು ಗಾಜಿನ ಪೆಟ್ಟಿಗೆ ತೋರಿಸಿದರು. ಉಳಿದ ಒಂದು ಗೋಲ್ಡ್ ಫಿಶ್ ಮೈ ಹೊಳೆಯಿಸುತ್ತ ತಿರುಗುತ್ತಿತ್ತು.

"ಬಿ.ಪಿ. ಐತಿ, ಮೀನ ನೋಡಕೋತ ಕೂಡ್ರಿ ಅಂತ ಡಾಕ್ಟರು ಹೇಳಿದ್ರು. ಒಂದು ಹೋತು. ನೀವು ಹೇಳಿದ ಮ್ಯಾಲೆ ಇದಕ್ಕ ನಳದ ನೀರು ಹಾಕಾಕತ್ತಿವಿ. ಇದಕ್ಕೂ ಮೈಮ್ಯಾಲೆ ಬಿಳೆ ಚುಕ್ಕಿ ಆಗಿದ್ವು. ನೀರು ಬದಲಿ ಮಾಡಿದ ಮ್ಯಾಲೆ ಉದುರಿ ಹೋದ್ವು. ಆವಾಗ ನನಗ ಖಾತ್ರಿ ಆತು, ಬಾವೀದ ದೋಷ ಅಂತ."

ಉದುರಿದ್ದು ನಳದ ನೀರಿಗಲ್ಲ, ಬಿಸಿಲು ಏರಿದ್ದಕ್ಕೆ. ಅಮಸಿದ್ದನಿಗೆ ಗೊತ್ತಿತ್ತು. ಅವನ ಸುಳ್ಳಿಗೆ ಬಿಸಿಲು ಕೂಡ ಸಾಕ್ಷಿ ಹೇಳಿತ್ತು. ಇನ್ನು ತಡೆಯಲಾಗಲಿಲ್ಲ.

"ಅಜ್ಜಾರ, ಆ ಚುಕ್ಕಿ ನಮ್ಮ ತೊಟ್ಟಿಯಿಂದ ಬಂದಿದ್ವುರಿ."

ಮಾಸ್ತರು ಅವನನ್ನು ನೋಡಿದರು. "ನಿಮಗ ಯಾವಾಗ ಗೊತ್ತಾತು?"

"ಕಳಿಸಿದ ದಿನಾ. ಮುಂಜಾನೆ."

"ಚೀಲ ಕಟ್ಟೂ ಮೊದಲ?"

"ಹೌದ್ರಿ."

"ಹಂಗಾದ್ರ ಬಾವಿ ನೀರು?"

"ಏನೂ ಆಗಿಲ್ರಿ. ಛಲೋ ಐತಿ. ನಾ ಸುಳ್ಳು ಬರದಿದ್ನಿ."

ಮಾಸ್ತರು ಮೆಲ್ಲಗೆ ಕುರ್ಚಿಯ ಮೇಲೆ ಕುಳಿತರು. ಬೈಗುಳ ಬಂದಿದ್ದರೆ ಅಮಸಿದ್ದ ಬದುಕುತ್ತಿದ್ದ. ಅವರ ಕಣ್ಣಲ್ಲಿ ನೀರು ಬಂತು. "ಮೂರ ತಿಂಗಳಾತು ತಮ್ಮಾ, ಒಂದು ಜೀವ ನನ್ನ ಕೈಯಾಗ ಹೋತು ಅಂತ ತಿಳ್ಕೊಂಡಿದ್ನಿ. ದಿನಾ ಪೂಜಾಕ್ಕ ಕುಂತಾಗ ಅದ ನೆನಪ ಆಗ್ತಿತ್ತು. ನಾ ಕೊಂದಿಲ್ಲ ಹಂಗಾದ್ರ?" ಎಂದರು. ಇಲ್ಲ ಎಂದು ಅಮಸಿದ್ದ ತಲೆಯಾಡಿಸಿದ. ಸತ್ತ ಮೀನನ್ನು ಬಿಲ್ವದ ಗಿಡದ ಬುಡದಲ್ಲಿ ವಿಭೂತಿ ಹಚ್ಚಿ ಮಣ್ಣು ಮಾಡಿದ್ದಾಗಿ ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ತಮ್ಮವರನ್ನು ಮಣ್ಣು ಮಾಡುವಂತೆಯೇ. ಅದನ್ನು ಕೇಳಿದಾಗ ಬಾಣಲಿ ಎಂದು ಬರೆದ ಬೆರಳುಗಳನ್ನು ಎಲ್ಲಿ ಮುಚ್ಚಿಡಬೇಕೋ ಅವನಿಗೆ ತಿಳಿಯಲಿಲ್ಲ.

ಮಾಸ್ತರು ಎದ್ದು ಸೀದಾ ಹಿತ್ತಲಿಗೆ ಹೋದರು. ಬರಿಗೈಯಿಂದ ಜಾಲಿಯ ಕಂಟಿ ಎಳೆಯತೊಡಗಿದರು. ಅಮಸಿದ್ದನೂ ಕೈಹಾಕಿದ. ಸದ್ದಿಗೆ ಓಣಿಯವರು ಕೂಡಿದರು. ಕಸ್ತೂರೆವ್ವ ಮುಂದೆ ಬಂದು ಕೇಳಿದಳು: "ಯಾಕ್ರಿ ಅಜ್ಜಾರ, ತಗ್ಯಾಕತ್ತೀರಲ್ಲ? ನೀರು ಕೆಟ್ಟೈತಿ ಅಂದಿದ್ರಿ?"

ಮಾಸ್ತರು ಅಮಸಿದ್ದನ ಕಡೆ ನೋಡಿದರು. ಅವರು ಸುಮ್ಮನೆ ನೋಡಿದ್ದಲ್ಲ, ಮಾತಿಗೆ ಜಾಗ ಬಿಟ್ಟು ನೋಡಿದ್ದು. ಮಾಸ್ತರಾಗಿದ್ದವರು, ಪಾಠ ಬಾರದ ಹುಡುಗನ ಮುಂದೆ ನಿಂತು ಕಾಯುವುದು ಅವರಿಗೆ ರೂಢಿ. ಎಂಟು ಮನೆಯ ಹೆಂಗಸರು ನಿಂತಿದ್ದರು. ಗಳಿಗೆಯ ಹಿಂದೆ ತನ್ನ ಮುಖ ಸವರಿದ ಮುದುಕಿ ಎದುರಿಗೇ ಇದ್ದಳು. ಅಮಸಿದ್ದ ಅಂಗೈಗೆ ಚುಚ್ಚಿದ ಜಾಲಿಯ ಮುಳ್ಳನ್ನು ಕೀಳುತ್ತ ನಿಂತುಬಿಟ್ಟ.

"ನಾ ತಪ್ಪ ತಿಳ್ಕೊಂಡಿದ್ನವಾ" ಎಂದರು ಮಾಸ್ತರು. "ಇವರು ಬಂದು ನೋಡಿದ್ರು. ನೀರು ಛಲೋ ಐತಿ. ನಂದ ತಪ್ಪು."

ಮೊದಲ ಕೊಡ ತಾವೇ ಸೇದಿದರು. ಮೊದಲ ತಂಬಿಗೆ ಅಮಸಿದ್ದನಿಗೇ ಕೊಟ್ಟರು. ಅವನು ಕುಡಿದ. ಸಿಹಿನೀರು. ಅಷ್ಟೂ ಜನರ ಎದುರಿನಲ್ಲಿ, ಒಂದು ಮಾತಿಲ್ಲದೆ, ಗಟಗಟ ಕುಡಿದು ತಂಬಿಗೆ ಕೆಳಗಿಟ್ಟ.

ಮನೆಗೆ ಬಂದಾಗ ಭಾಗ್ಯಾ ಕೇಳಿದಳು. "ಹೇಳಿದ್ರಿ?"

"ಮಾಸ್ತರ ಮುಂದ ಹೇಳಿದೆ."

"ನಳಕ್ಕ ನೀರು ಹೊತ್ತವರ ಮುಂದ?"

ಅಮಸಿದ್ದ ಚಪ್ಪಲಿ ಮೆಟ್ಟಿಕೊಂಡು ಕೆಫೆಗೆ ಹೋದ. ತನ್ನ ಪುಟದಲ್ಲಿ, ತನ್ನ ಹೆಸರಿನಲ್ಲಿ ಎಲ್ಲವನ್ನೂ ಬರೆದ. ಮೀನಿಗೆ ಜಡ್ಡಿತ್ತು, ನನಗೆ ಗೊತ್ತಿತ್ತು, ಮಾಸ್ತರ ನೀರಿನಲ್ಲಿ ದೋಷವಿಲ್ಲ, ಬಾಣಲಿ ಎಂದಿದ್ದು ನನ್ನ ನೀಚತನ. ಓದಿದ ಗಿರಾಕಿಗಳು ಅಸಮಾಧಾನ ಒತ್ತಿ, ಎರಡೇ ದಿನದಲ್ಲಿ ನೂರು ಹೋಗಿ ತೊಂಬತ್ತಾರು ಬಂತು. ಯುವರಾಜ ಇಂಡಿಯಿಂದ ಫೋನು ಮಾಡಿ, "ನೀವೂ ಹಿಂಗ ಅಂತ ತಿಳದಿದ್ದಿಲ್ಲ ಬಿಡ್ರಿ" ಎಂದು ಇಟ್ಟ. ನೋವಾಯಿತು. ಆದರೂ ಅಮಸಿದ್ದನಿಗೆ ಎದೆ ಹಗುರವಾಯಿತು. ಅಷ್ಟು ಪ್ರೀತಿಯ ನೂರನ್ನು ಕೊಟ್ಟಾಯಿತಲ್ಲ, ಇನ್ನು ಋಣ ತೀರಿತು ಎಂದು ಆ ರಾತ್ರಿ ಹೊಟ್ಟೆ ತುಂಬ ಉಂಡ. ಮೋಸ ಮಾಡಿದ್ದು ಯಾರಿಗೆ, ತಪ್ಪೊಪ್ಪಿಕೊಂಡದ್ದು ಯಾರ ಮುಂದೆ ಎಂದು ಭಾಗ್ಯಾ ಕೇಳಬಹುದಿತ್ತು. ಅವಳು ಎರಡನೆಯ ಸಲ ಕೇಳುವ ಹೆಣ್ಣಲ್ಲ.

ಮೂರು ವಾರದ ಮೇಲೆ ಮೋದಿನಸಾಬ ಡಬ್ಬಿ ಇಸಿದುಕೊಳ್ಳುತ್ತ ಹೇಳಿದ: "ಬಾವಿ ತಗದಾರ ಖರೆ, ಯಾರೂ ನೀರು ಒಯ್ಯವಲ್ರು."

"ಯಾಕ? ನೀರು ಛಲೋ ಐತಿ ಅಂತ ಮಾಸ್ತರು ಹೇಳಿದ್ರಲ್ಲ?"

"ಅದಕ್ಕರಿ. ಮಾಸ್ತರಿಗೆ ಅರಳು ಮರಳಾಗೈತಿ ಅಂತಾರ ಮಂದಿ. ಒಮ್ಮೆ ವಿಷ ಅಂದ್ರು, ಒಮ್ಮೆ ಛಲೋ ಅಂದ್ರು, ಇವರ ಮಾತು ಹ್ಯಾಂಗ ನಂಬೂದು ಅಂತ. ನಲವತ್ತ ವರ್ಷ ಅವರು ಹೇಳಿದ್ದಕ್ಕ ಯಾರೂ ಎದುರು ಆಡಿದ್ದಿಲ್ಲ. ಈಗ ಹುಡುಗೂರು ನಗತಾವು. ಅವರು ಒಬ್ರ ಸೇದಿಕೊಂಡು ಕುಡೀತಾರ." ಮೋದಿನಸಾಬ ಸೀಟಿ ಊದಿದ. "ನಮ್ಮ ಮನ್ಯಾಗೂ ನಳದ್ದ ತರತಾರ. ಆಮ್ಯಾಲೆ ನೀವು ಬ್ಯಾರೆ ಬರದೀರಿ ಅಂತ ಅಮೀನುದ್ದೀನ ಹೇಳತಾನ, ಮಾಸ್ತರ ಮಾನ ಕಾಯಾಕ ಹೇಳತಾನ ಅಂತ ಯಾರೂ ನಂಬವಲ್ರು. ನೀವ ಮೊದಲ ಬರದಿದ್ದು ಹೆಚ್ಚು ನಂಬಿಗಿ ನೋಡ್ರಿ."

ಬಸ್ಸು ಹೋಯಿತು. ಅಮಸಿದ್ದ ಅಲ್ಲಿಯೇ ನಿಂತ. ಅವತ್ತು ಮಾಸ್ತರು ತನ್ನ ಕಡೆ ನೋಡಿ ಕಾದ ಆ ಗಳಿಗೆ ಮೂರು ವಾರದಿಂದ ಅವರನ್ನು ತಿನ್ನುತ್ತಿತ್ತು. ತಾನು ತೊಂಬತ್ತಾರರ ದುಃಖ ಮಾಡಿಕೊಂಡು ತಿರುಗುತ್ತಿದ್ದ. ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು.

ಮರುದಿನ ನಾಲ್ಕರ ಹೊತ್ತಿಗೆ ಮುದ್ದೇಬಿಹಾಳದ ಆ ಓಣಿಯಲ್ಲಿ ಹೆಂಗಸರು ನಳಕ್ಕೆ ಹೊರಟಿದ್ದರು. ಸೊಂಟದಲ್ಲಿ ಒಂದು ಕೊಡ, ತಲೆಯ ಮೇಲೆ ಒಂದು. ಅಮಸಿದ್ದ ಓಣಿಯ ಬಾಯಲ್ಲಿ ಅಡ್ಡ ನಿಂತ.

"ಯವ್ವಾರ, ಸ್ವಲ್ಪ ನಿಂದರ್ರಿ. ಮಾಸ್ತರಿಗೆ ಅರಳು ಮರಳಾಗಿಲ್ಲ. ಅವರು ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದಾವ ನಾನು. ಜಡ್ಡಿನ ಮೀನ ಗೊತ್ತಿದ್ದ ಕಳಿಸಿದ್ನಿ. ಅದು ಸತ್ತಾಗ ನನ್ನ ಹೆಸರು ಉಳಿಸ್ಕೊಳ್ಳಾಕ ಬಾವಿ ನೀರಿನ ಮ್ಯಾಲೆ ಹಾಕಿದ್ನಿ. ಅವತ್ತ ಬಂದಾಗ ನಿಮ್ಮ ಮುಂದ ಹೇಳಲಿಲ್ಲ. ನಂಗ ನಾಚಿಕಿ ಆತು. ಅವರು ತಮ್ಮ ಮ್ಯಾಲೆ ತಗೊಂಡ್ರು. ನಾ ಬಾಯಿ ಮುಚ್ಚಿ ನೀರು ಕುಡದ್ನಿ."

ಮಾಸ್ತರ ಸೊಸೆ ಜಯಮಾಲಾ ಬಾಗಿಲಿಗೆ ಬಂದು ನಿಂತಳು. ಮಾಸ್ತರು ಕಟ್ಟೆಯ ಮೇಲೆ ಕುಳಿತಿದ್ದವರು ಕುಳಿತಲ್ಲಿಯೇ ಇದ್ದರು. ಈ ಸಲ ಅವರು ಇವನ ಪರವಾಗಿ ಒಂದು ಮಾತೂ ಆಡಲಿಲ್ಲ. ಕಸ್ತೂರೆವ್ವ ಮೊಣಕಾಲಿಗೆ ಕೈಯೂರಿ ನಡೆದು ಬಂದಳು. ಅವತ್ತು ಸವರಿದ ಮುಖಕ್ಕೆ ಇವತ್ತು ಹೊಡೆಯುತ್ತಾಳೆ ಎಂದುಕೊಂಡು ಅಮಸಿದ್ದ ಕಣ್ಣು ಮುಚ್ಚಿದ.

ಅವಳು ಹೊಡೆಯಲಿಲ್ಲ. ಸೊಂಟದ ಕೊಡವನ್ನು ಅವನ ಕಾಲ ಮುಂದೆ ಇಟ್ಟಳು.

"ದಿನಕ್ಕ ನಾಕ ಕೊಡ ಹೊತ್ತೇನಿ" ಎಂದಳು. "ಸಂಕ್ರಮಣ ಆದಾಗಿನಿಂದ. ಈ ಕಾಲಾಗ."

ಅಮಸಿದ್ದ ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದ. ಹಗ್ಗ ಕಟ್ಟಿ ಬಾವಿಗೆ ಬಿಟ್ಟ. ಸೇದಿ, ಹೊತ್ತು, ಕಸ್ತೂರೆವ್ವನ ಮನೆಯ ಹಂಡೆಗೆ ಸುರಿದು ಬಂದ. ಬರುವಷ್ಟರಲ್ಲಿ ಬಾವಿಯ ಕಟ್ಟೆಯ ಮೇಲೆ ಇನ್ನೂ ಆರು ಕೊಡ ಕುಳಿತಿದ್ದವು. ಅವನ್ನೂ ತುಂಬಿದ. ಮತ್ತಷ್ಟು ಬಂದವು. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತು. ಹೆಂಗಸರು ಒಬ್ಬೊಬ್ಬರಾಗಿ ಖಾಲಿ ಕೊಡ ತಂದಿಡುತ್ತಿದ್ದರು, ಅವನು ಅವರವರ ಮನೆಗೆ ಹೊತ್ತು ಹಾಕಿ ಬರುತ್ತಿದ್ದ. ಕಟ್ಟೆಯ ಮೇಲಿನ ಮಾಸ್ತರೂ ಸೇರಿದಂತೆ ಯಾರೊಬ್ಬರೂ ಸಾಕು ಎನ್ನಲಿಲ್ಲ.